90 ದಿನದ ನೋಟಿಸ್ ಪೀರಿಯಡ್

ಐಟಿಯವರಿಗೆ 90 ದಿನ ಅಂದ ಕೂಡಲೇ ನೆನಪಾಗೋದು ನೋಟಿಸ್ ಪೀರಿಯಡ್. ರಾಜೀನಾಮೆ ಮೇಲ್ ಕಳಿಸಬೇಕು, ಕೆಟಿ ಕೊಡಬೇಕು, ಅಂದರೆ ನಮ್ಮ ತಲೆಯಲ್ಲಿರೋ ಕೆಲಸವನ್ನ ಮುಂದೆ ಬರುವವನ ತಲೆಗೆ ದಾಟಿಸಬೇಕು. ಆಮೇಲೆ ಲ್ಯಾಪ್‌ಟಾಪ್ ವಾಪಸ್ ಮಾಡಿ, ಟೀಮಿಗೆ ಒಂದು ಊಟ ಹಾಕಿಸಿ, ಸೋಮವಾರ ಹೊಸ ಕಂಪನಿಗೆ ಹೋಗಿ ಕೂತರೆ ಮುಗೀತು.

ಕಂಪಾಲದಲ್ಲಿರೋ ಹಳೇ ಗುಜರಾತಿ ಕುಟುಂಬಗಳಿಗೆ 90 ದಿನ ಅಂದರೆ ಬೇರೇನೇ ನೆನಪು. ಅದು 1972ರಲ್ಲಿ ಇದಿ ಅಮೀನ್ ಉಗಾಂಡದ ಏಷ್ಯನ್ನರಿಗೆ ದೇಶ ಬಿಟ್ಟು ಹೋಗಲು ಕೊಟ್ಟ ಗಡುವು. ಇಲ್ಲಿ 'ಏಷ್ಯನ್' ಅಂದರೆ ಅವಿಭಜಿತ ಭಾರತದಿಂದ ಬಂದವರು ಮತ್ತು ಅವರ ಮಕ್ಕಳು ಮೊಮ್ಮಕ್ಕಳು ಅಂತಲೇ ಅರ್ಥ.

ನಾನು ಮತ್ತು ನನ್ನ ಹೆಂಡತಿ ಕಂಪಾಲಕ್ಕೆ ಬಂದು ಮೂರು ವರ್ಷ ಆಯಿತು. ನಾನು ಪೇಮೆಂಟ್ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ, ಅವಳು ಒಂದು ಆಮದು ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾಳೆ. ಇಬ್ಬರದ್ದೂ ವರ್ಕ್ ಪರ್ಮಿಟ್, ಇಬ್ಬರದ್ದೂ ಎರಡೆರಡು ವರ್ಷದ ಕಾಂಟ್ರಾಕ್ಟ್. ಪರ್ಸಿನಲ್ಲಿ ಹಳದಿ ಜ್ವರದ ಲಸಿಕೆ ಹಾಕಿಸಿದ ಹಳದಿ ಪುಸ್ತಕ, ಹಾಸಿಗೆ ಮೇಲೆ ಸೊಳ್ಳೆ ಪರದೆ. ಇಲ್ಲಿ ಬೆಳಿಗ್ಗೆ ಆರು ಗಂಟೆ ಅಂದರೆ ಊರಲ್ಲಿ ಎಂಟೂವರೆ. ಹಾಗಾಗಿ ಅಮ್ಮನ ಫೋನೇ ನಮಗೆ ಅಲಾರಾಂ.

ದಿನಚರಿ ಏನು ಅಂತ ಬೆಂಗಳೂರಿನ ಗೆಳೆಯರು ಕೇಳ್ತಾರೆ. ಸಿಂಹ ಕಾಣುತ್ತಾ ಅಂತಲೂ ಕೇಳ್ತಾರೆ. ಕಾಣೋದು ಟ್ರಾಫಿಕ್ಕು. ಬೆಳಿಗ್ಗೆ ಗೇಟಿನ 'ಆಸ್ಕರಿ', ಅಂದರೆ ಕಾವಲುಗಾರ, ಬಾಗಿಲು ತೆಗೀತಾನೆ. 'ಬೋಡಾ ಬೋಡಾ' ಅನ್ನೋ ಬೈಕ್ ಟ್ಯಾಕ್ಸಿ ಹತ್ತಿ ಗುಡ್ಡ ಇಳಿದು ಗುಡ್ಡ ಹತ್ತಿ ಆಫೀಸು. ಬಾಡಿಗೆಯಿಂದ ಬಾಳೆಹಣ್ಣಿನ ತನಕ ಎಲ್ಲಕ್ಕೂ ಮೊಬೈಲ್ ಮನಿ. ಸಂಜೆ ಇಂಡಿಯನ್ ಅಂಗಡಿಯಲ್ಲಿ ತೊಗರಿಬೇಳೆ, ಹುಣಸೆಹಣ್ಣು, ಸಾಸಿವೆ. ಭಾನುವಾರ ಯಾರದೋ ಮನೆಯಲ್ಲಿ ಊಟ. ಅಲ್ಲಿ ತೆಲುಗರು, ಮಲಯಾಳಿಗಳು, ಗುಜರಾತಿಗಳು, ನಾವು ನಾಲ್ಕೈದು ಕನ್ನಡದ ಜೋಡಿಗಳು. ಮಾತೆಲ್ಲ ಪರ್ಮಿಟ್ ನವೀಕರಣ, ಮಕ್ಕಳ ಸ್ಕೂಲು, ಊರಲ್ಲಿ ತಗೊಂಡ ಸೈಟು, 'ಇನ್ನೆರಡು ವರ್ಷ ಅಷ್ಟೇ' ಅನ್ನೋದು.

ಈ 'ಇನ್ನೆರಡು ವರ್ಷ ಅಷ್ಟೇ' ಅನ್ನೋ ಮಾತಿಗೆ ಈ ನೆಲದಲ್ಲಿ ನೂರು ವರ್ಷಕ್ಕೂ ಮೀರಿದ ವಯಸ್ಸಿದೆ.

1896ರಲ್ಲಿ ಬ್ರಿಟಿಷರು ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದ ಕಡೆಗೆ ರೈಲು ಹಳಿ ಹಾಕಲು ಶುರು ಮಾಡಿದರು. ಹೆಸರು ಉಗಾಂಡ ರೈಲ್ವೆ, ಆದರೆ 1901ರಲ್ಲಿ ಹಳಿ ಮುಗಿದದ್ದು ಈಗಿನ ಕೀನ್ಯಾದ ಕಿಸುಮುವಿನಲ್ಲಿ. ಅಲ್ಲಿಂದ ಉಗಾಂಡಕ್ಕೆ ಸ್ಟೀಮರ್. ಕಂಪಾಲಕ್ಕೆ ರೈಲು ಬಂದದ್ದು 1931ರಲ್ಲಿ. ಈ ಕೆಲಸಕ್ಕೆ ಬ್ರಿಟಿಷ್ ಇಂಡಿಯಾದಿಂದ, ಬಹುಪಾಲು ಪಂಜಾಬಿನಿಂದ, ಸುಮಾರು 32 ಸಾವಿರ ಜನರನ್ನು ಕರೆತಂದರು. ಮೂರು ವರ್ಷದ ಕರಾರು, ತಿಂಗಳಿಗೆ 15 ರೂಪಾಯಿ ಸಂಬಳ, ಜೊತೆಗೆ ರೇಷನ್ನು, ವಾಪಸ್ ಹೋಗಲು ಹಡಗಿನ ಟಿಕೆಟ್. ಓದಿದಾಗ ನಮ್ಮ ಆಫರ್ ಲೆಟರ್ ನೆನಪಾಯ್ತು. ಹೌಸಿಂಗು, ಮೆಡಿಕಲ್ಲು, ವರ್ಷಕ್ಕೊಂದು ಸಲ ಏರ್ ಟಿಕೆಟ್. ನಾವು ಎಕ್ಸ್‌ಪ್ಯಾಟು, ಅವರು ಕೂಲಿ. ಕರಾರಿನ ಮಾದರಿ ಮಾತ್ರ ಅದೇ.

ವ್ಯತ್ಯಾಸ ಏನು ಅಂದರೆ ಅವರಲ್ಲಿ ಸುಮಾರು 2,500 ಜನ ಮಲೇರಿಯಾ, ಭೇದಿ, ಅಪಘಾತ ಅಂತ ಇಲ್ಲೇ ಸತ್ತರು. 1898ರಲ್ಲಿ ಸಾವೋ ಸೇತುವೆ ಹತ್ತಿರ ಎರಡು ಸಿಂಹಗಳು ಕೂಲಿಗಳನ್ನು ಹೊತ್ತೊಯ್ದ ಕಥೆ ಎಲ್ಲರಿಗೂ ಗೊತ್ತು, ಸಿನಿಮಾನೂ ಬಂದಿದೆ. ಸಿಂಹಕ್ಕಿಂತ ಸೊಳ್ಳೆ ತಿಂದವರು ಎಷ್ಟೋ ಪಾಲು ಹೆಚ್ಚು. ಉಳಿದವರಲ್ಲಿ ಬಹುಪಾಲು ಜನ ಟಿಕೆಟ್ ತಗೊಂಡು ವಾಪಸ್ ಹೋದರು. ಇಲ್ಲೇ ನಿಂತವರು 7 ಸಾವಿರಕ್ಕೂ ಕಡಿಮೆ.

ಹಾಗಾದರೆ ಊರೂರಿಗೂ ಅಂಗಡಿ ಇಟ್ಟವರು ಯಾರು? ಹಳಿ ಹಾಕಿದವರ ಮಕ್ಕಳೇ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಬಹುಪಾಲು ಅಲ್ಲ. ಅಂಗಡಿಯವರು ಕಚ್, ಕಾಠಿಯಾವಾಡ, ಗುಜರಾತ್ ಕಡೆಯಿಂದ ತಮ್ಮ ಖರ್ಚಿನಲ್ಲಿ ಸಮುದ್ರ ದಾಟಿ ಬಂದವರು. ಆ ವ್ಯಾಪಾರ ರೈಲಿಗಿಂತ ಬಹಳ ಹಳೆಯದು. ಕಚ್‌ನಿಂದ 1863ರಲ್ಲೇ ಜಾಂಜಿಬಾರ್‌ಗೆ ಬಂದ ಅಲ್ಲಿದಿನಾ ವಿಶ್ರಾಂ ರೈಲಿನ ದಾರಿಯುದ್ದಕ್ಕೂ, ಆಮೇಲೆ ಉಗಾಂಡದ ಒಳಗೂ ಸಾಲು ಸಾಲು ಅಂಗಡಿ ತೆರೆದರು. ಮುಂದೆ ನಾನ್‌ಜಿ ಕಾಳಿದಾಸ್ ಮೆಹ್ತಾ ಲುಗಾಜಿಯಲ್ಲಿ, ಮುಳ್‌ಜಿಭಾಯಿ ಮಾಧ್ವಾನಿ ಕಕಿರಾದಲ್ಲಿ ಸಕ್ಕರೆ ಕಾರ್ಖಾನೆ ಕಟ್ಟಿದರು. ಹತ್ತಿ ಜಿನ್ನಿಂಗ್ ಮಿಲ್ಲುಗಳೂ ಬಹುಪಾಲು ಭಾರತೀಯರ ಕೈಗೆ ಬಂದವು.

ಈ ಜನ ಇಲ್ಲಿನ ಬಾಯಿಗೆ ಎಷ್ಟು ಮಾತು ಕೊಟ್ಟಿದ್ದಾರೆ ನೋಡಿ. ಸ್ವಾಹಿಲಿಯಲ್ಲಿ ಅಂಗಡಿಗೆ 'ದುಕಾ', ಕಾರಿಗೆ 'ಗಾರಿ', ಇನ್ಶೂರೆನ್ಸಿಗೆ 'ಬೀಮಾ', ಲಕ್ಷಕ್ಕೆ 'ಲಾಕಿ'. ಕೀನ್ಯಾದಲ್ಲಿ 2007ರಲ್ಲಿ ಶುರುವಾದ ಎಂ-ಪೆಸಾ ಪ್ರಪಂಚಕ್ಕೇ ಮೊಬೈಲ್ ಪೇಮೆಂಟ್ ಪಾಠ ಹೇಳಿಕೊಟ್ಟಿತಲ್ಲ, ಆ 'ಪೆಸಾ' ನಮ್ಮ ಪೈಸೆಯ ನೆಂಟ. 1920ರವರೆಗೆ ಇಲ್ಲಿ ಓಡುತ್ತಿದ್ದ ನಾಣ್ಯವೇ ರೂಪಾಯಿ. ಉಗಾಂಡದ ಬೀದಿ ಬದಿಯಲ್ಲಿ ಬೆಳಿಗ್ಗೆ ತಿನ್ನೋದು 'ರೋಲೆಕ್ಸ್'. ವಾಚ್ ಅಲ್ಲ, ಚಪಾತಿಯೊಳಗೆ ಆಮ್ಲೆಟ್ ಸುತ್ತಿಕೊಡ್ತಾರೆ. ಚಪಾತಿ ತಟ್ಟುವ ಹುಡುಗನಿಗೆ ಅದು ಹೊರಗಿನದ್ದು ಅನ್ನೋ ಯೋಚನೆಯೂ ಇರಲ್ಲ.

ಇನ್ನೊಂದು ದಿಕ್ಕಿನಲ್ಲೂ ಸಾಲ ಇದೆ. ನಾನು ತುಮಕೂರು ಕಡೆಯ ಹಳ್ಳಿಯವನು, ಮುದ್ದೆ ಇಲ್ಲದ ದಿನ ಊಟ ಅನ್ನಿಸಲ್ಲ. ಪಶ್ಚಿಮ ಉಗಾಂಡದವರು 'ಕಾಲೊ' ಅಂತ ಒಂದು ಮಾಡ್ತಾರೆ. ಕುದಿಯೋ ನೀರಿಗೆ ರಾಗಿ ಹಿಟ್ಟು, ಜೊತೆಗೆ ಮರಗೆಣಸಿನ ಹಿಟ್ಟು ಹಾಕಿ ಕೋಲಲ್ಲಿ ತಿರುವಿ, ಪುಟ್ಟ ಬುಟ್ಟಿಯಲ್ಲಿಟ್ಟು ಬಡಿಸ್ತಾರೆ. ಕೈಯಲ್ಲಿ ಮುರಿದು ಸಾರಲ್ಲಿ ಅದ್ದಿ ತಿನ್ನೋದು. 'ಬುಶೇರಾ' ಅಂತ ಹುಳಿ ಬರಿಸಿದ ಅಂಬಲಿಯೂ ಇದೆ. ರಾಗಿ ಹುಟ್ಟಿದ್ದೇ ಪೂರ್ವ ಆಫ್ರಿಕದ ಎತ್ತರದ ನಾಡುಗಳಲ್ಲಿ. ಸಾವಿರಾರು ವರ್ಷ ಹಿಂದೆ ಅಲ್ಲಿಂದ ನಮ್ಮ ಕಡೆಗೆ ಬಂತು. ಈಗ ಅದನ್ನ ಹೊರಗಿನದ್ದು ಅಂತ ನಮ್ಮೂರಲ್ಲಿ ಹೇಳಿ ನೋಡಿ, ಹೊಡೆಯೋಕೇ ಬರ್ತಾರೆ. ಯಲ್ಲಾಪುರ, ಹಳಿಯಾಳದ ಕಾಡಂಚಿನ ಸಿದ್ದಿಗಳು ಆಫ್ರಿಕ ಮೂಲದವರು. ಶತಮಾನಗಳಿಂದ ಕನ್ನಡ, ಕೊಂಕಣಿ ಆಡುತ್ತಾ ನಮ್ಮವರೇ ಆಗಿದ್ದಾರೆ. ಆದರೂ ಬಸ್ಸಲ್ಲಿ 'ನೀವು ಯಾವ ದೇಶ?' ಅಂತ ಅವರನ್ನ ಕೇಳುವವರಿದ್ದಾರೆ. ಬೆಳೆ ಹೋದಷ್ಟು ಸುಲಭವಾಗಿ ಮನುಷ್ಯರು ಇನ್ನೊಂದು ನೆಲದವರಾಗಲು ಆಗಲ್ಲ.

ಉಗಾಂಡದಲ್ಲಿ ಯಾಕೆ ಆಗಲಿಲ್ಲ? ಒಂದು ಕಾರಣ ಬ್ರಿಟಿಷರು ಕಟ್ಟಿದ ಮೂರು ಮಹಡಿ ಮನೆ. ಮೇಲೆ ಬಿಳಿಯರು, ಮಧ್ಯೆ ಏಷ್ಯನ್ನರು, ಕೆಳಗೆ ಆಫ್ರಿಕನ್ನರು. ಶಾಲೆ ಬೇರೆ, ಆಸ್ಪತ್ರೆ ಬೇರೆ, ಸರ್ಕಾರಿ ಸಂಬಳದ ಸ್ಕೇಲೂ ಬೇರೆ. ಕಾನೂನು ಮತ್ತು ಲೈಸೆನ್ಸುಗಳು ಭಾರತೀಯರನ್ನು ಪಟ್ಟಣದ ವ್ಯಾಪಾರಕ್ಕೆ ಕಟ್ಟಿಹಾಕಿದವು. ಹತ್ತಿ ಬೆಳೆಯುವವನು ಆಫ್ರಿಕನ್, ಕೊಳ್ಳುವವನು ಭಾರತೀಯ, ಕೊನೆಯ ಲಾಭ ಲಂಡನ್ನಿಗೆ. ರೈತ ದಿನಾ ನೋಡುತ್ತಿದ್ದದ್ದು ಲಂಡನ್ನನ್ನಲ್ಲ, ತಕ್ಕಡಿ ಹಿಡಿದು ನಿಂತವನ ಮುಖವನ್ನ. ನಮ್ಮ ಹಳ್ಳಿಗಳಲ್ಲಿ ಗಿರವಿ ಅಂಗಡಿ ಸೇಟು ಬಗ್ಗೆ ಜನ ಮಾತಾಡೋದನ್ನ ಕೇಳಿ ಬೆಳೆದವರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಕಷ್ಟ ಬಂದಾಗ ಅವನ ಬಾಗಿಲಿಗೇ ಹೋಗಬೇಕು, ಸಿಟ್ಟು ಬಂದಾಗಲೂ ಮೊದಲು ಕಾಣೋದು ಅವನೇ.

1949ರಲ್ಲಿ ಬುಗಾಂಡದಲ್ಲಿ ಗಲಭೆ ಆಯಿತು. ಬೇಡಿಕೆಗಳಲ್ಲಿ ಒಂದು, ಹತ್ತಿ ಜಿನ್ನಿಂಗ್‌ನಲ್ಲಿ ನಮಗೂ ಜಾಗ ಬೇಕು ಅನ್ನೋದು. 1959ರಲ್ಲಿ ಆಫ್ರಿಕನ್ನರಲ್ಲದವರ ಅಂಗಡಿಗಳಿಗೆ ಬಹಿಷ್ಕಾರ ಹಾಕಿದರು. 1962ರಲ್ಲಿ ಸ್ವಾತಂತ್ರ್ಯ ಬಂತು. ಪೌರತ್ವ ತಗೊಳ್ಳಿ ಅಂದಾಗ ಕೆಲವರು ಉಗಾಂಡದ್ದು ತಗೊಂಡರು, ತುಂಬಾ ಜನ ಬ್ರಿಟಿಷ್ ಪಾಸ್‌ಪೋರ್ಟನ್ನೇ ಇಟ್ಟುಕೊಂಡರು. ಒಂದೇ ಮನೆಯಲ್ಲಿ ಅಣ್ಣನದ್ದು ಒಂದು ದೇಶ, ತಮ್ಮನದ್ದು ಇನ್ನೊಂದು. ಯಾವುದಕ್ಕೂ ಇರಲಿ ಅಂತ ಮಾಡಿದ ಏರ್ಪಾಡು. 1969ರಲ್ಲಿ ಒಬೋಟೆ ಸರ್ಕಾರ ಪೌರರಲ್ಲದವರ ವ್ಯಾಪಾರಕ್ಕೆ ಲೈಸೆನ್ಸು ಬಿಗಿ ಮಾಡಿತು. ಅಂದರೆ ಅಮೀನ್ ಬರುವ ಮೊದಲೇ ಗೋಡೆಯಲ್ಲಿ ಬಿರುಕು ಕಾಣ್ತಿತ್ತು.

1971ರ ಜನವರಿಯಲ್ಲಿ ಅಮೀನ್ ಅಧಿಕಾರ ಹಿಡಿದ. ಅದೇ ವರ್ಷ ಏಷ್ಯನ್ನರದ್ದೇ ಪ್ರತ್ಯೇಕ ಗಣತಿ ಮಾಡಿಸಿದ. ಡಿಸೆಂಬರಿನಲ್ಲಿ ಅವರ ಮುಖಂಡರನ್ನು ಕಂಪಾಲಕ್ಕೆ ಕರೆಸಿ, ನೀವು ನಮ್ಮ ಜೊತೆ ಬೆರೆಯಲ್ಲ, ನಮಗೆ ಹೆಣ್ಣು ಕೊಡಲ್ಲ ಅಂತ ದೂರು ಓದಿದ. 1972ರ ಆಗಸ್ಟ್ 4ರಂದು ಟೊರೊರೊ ಊರಿನ ಸೈನಿಕರ ಮುಂದೆ ಏಷ್ಯನ್ನರನ್ನು ಹೊರಹಾಕುವ ನಿರ್ಧಾರ ಪ್ರಕಟಿಸಿದ. ಹಾಗೆ ಮಾಡು ಅಂತ ಕನಸು ಬಿತ್ತು ಅಂದ. ಕೊನೇ ದಿನ ನವೆಂಬರ್ 8.

ಮೊದಲು ಬ್ರಿಟಿಷ್ ಪಾಸ್‌ಪೋರ್ಟ್ ಇದ್ದವರು ಅಂದರು. ಆಮೇಲೆ ಭಾರತ, ಪಾಕಿಸ್ತಾನ, ಬಾಂಗ್ಲಾದೇಶದ ಪೌರರೂ ಸೇರಿದರು. ಉಗಾಂಡದ ಪೌರರೇ ಆದವರೂ ಕಾಗದ ಹಿಡಿದು ಕ್ಯೂ ನಿಲ್ಲಬೇಕಾಯ್ತು, ಸಾವಿರಾರು ಜನರ ಪೌರತ್ವ ಆ ಕ್ಯೂನಲ್ಲೇ ರದ್ದಾಯ್ತು. ಒಂದು ಕುಟುಂಬಕ್ಕೆ ಜೊತೆಗೆ ಒಯ್ಯಲು ಬಿಟ್ಟದ್ದು ಸುಮಾರು 50 ಪೌಂಡ್. ಕಂಪಾಲದಿಂದ ಎಂಟೆಬೆ ವಿಮಾನ ನಿಲ್ದಾಣಕ್ಕೆ ಇರೋದು ಸುಮಾರು 40 ಕಿ.ಮೀ. ಆ ದಾರಿಯ ಚೆಕ್‌ಪೋಸ್ಟುಗಳಲ್ಲಿ ಸೈನಿಕರು ಮೈಮೇಲಿನ ಒಡವೆ ಬಿಚ್ಚಿಸಿಕೊಂಡರು. ನಾವು ರಜೆಗೆ ಊರಿಗೆ ಹೊರಟಾಗ ಟ್ರಾಲಿ ಬ್ಯಾಗ್ ಹಾಕಿಕೊಂಡು ಹೋಗೋದೂ ಎಂಟೆಬೆಗೇ.

ಒಟ್ಟು 50 ಸಾವಿರಕ್ಕೂ ಹೆಚ್ಚು ಜನ ಹೊರಟರು. ಅರ್ಧಕ್ಕಿಂತ ಹೆಚ್ಚು ಜನ ಬ್ರಿಟನ್ನಿಗೆ. ಕೆನಡಾ ಸುಮಾರು 6 ಸಾವಿರ ಜನರನ್ನು ಕರೆಸಿಕೊಂಡಿತು. ಕೆಲವರು ರೈಲಲ್ಲಿ ಮೊಂಬಾಸಾಗೆ ಹೋಗಿ ಹಡಗು ಹತ್ತಿ ಮುಂಬಯಿಗೆ ಬಂದರು. ಅವರಲ್ಲಿ ಎಷ್ಟೋ ಜನ ಅಲ್ಲಿಯವರೆಗೆ ಭಾರತ ನೋಡಿಯೇ ಇರಲಿಲ್ಲ. ಬ್ರಿಟನ್ನಿನ ಲೆಸ್ಟರ್ ನಗರದ ಆಡಳಿತವಂತೂ ನಮ್ಮೂರಿಗೆ ಬರಬೇಡಿ ಅಂತ ಉಗಾಂಡದ ಪತ್ರಿಕೆಯಲ್ಲೇ ಜಾಹೀರಾತು ಕೊಟ್ಟಿತು. ಜನ ಅಲ್ಲಿಗೇ ಹೋದರು. ಇವತ್ತು ಆ ಊರಿನ ದೀಪಾವಳಿ ಯುರೋಪಿನಲ್ಲೇ ಹೆಸರುವಾಸಿ.

ಇಲ್ಲಿ ಉಳಿದದ್ದೇನು? ಅಂಗಡಿಗಳನ್ನು ಸೈನಿಕರಿಗೂ ಅವರಿಗೆ ಬೇಕಾದವರಿಗೂ ಹಂಚಿದರು. ಶರ್ಟಿನ ಕಾಲರ್ ಸೈಜನ್ನೇ ಬೆಲೆ ಅಂದುಕೊಂಡು ಮಾರಿದರಂತೆ ಅಂತ ಕಂಪಾಲದಲ್ಲಿ ಈಗಲೂ ಕಥೆ ಹೇಳ್ತಾರೆ. ನಿಜವೋ ಉತ್ಪ್ರೇಕ್ಷೆಯೋ, ಕಥೆ ಹುಟ್ಟಿದ್ದಕ್ಕೆ ಕಾರಣವಂತೂ ಇತ್ತು. ಮಾಲು ಮುಗೀತು, ಮತ್ತೆ ತರಿಸುವ ದಾರಿ ಗೊತ್ತಿದ್ದವರು ಇರಲಿಲ್ಲ. ಸಕ್ಕರೆ, ಸೋಪು, ಉಪ್ಪಿಗೆ ಜನ ಪರದಾಡಿದರು. ಒಂದು ಕಾಲಕ್ಕೆ ಇಡೀ ದೇಶಕ್ಕೆ ಸಾಕಾಗುವಷ್ಟು ಬರುತ್ತಿದ್ದ ಸಕ್ಕರೆ, 80ರ ದಶಕ ಶುರುವಾಗುವ ಹೊತ್ತಿಗೆ ಬಹುತೇಕ ನಿಂತೇ ಹೋಗಿತ್ತು. ಅಮೀನ್ ಆಳ್ವಿಕೆಯಲ್ಲಿ ಲಕ್ಷಗಟ್ಟಲೆ ಉಗಾಂಡದವರೇ ಸತ್ತರು ಅನ್ನೋದನ್ನೂ ಮರೀಬಾರದು. ಏಷ್ಯನ್ನರು ಪ್ರಾಣ ಉಳಿಸಿಕೊಂಡು ಹೋದರು. ಹೋಗಲು ಬೇರೆ ದೇಶ ಇಲ್ಲದವರು ಇಲ್ಲೇ ಅನುಭವಿಸಿದರು.

ಈ ಕಥೆ ಕೇಳಿದಾಗ ನಮ್ಮವರು ಎರಡು ತೀರ್ಪು ಕೊಡ್ತಾರೆ. ಒಂದು, 'ನಾವಿಲ್ಲದೆ ಇವರ ಕೈಲಿ ಆಗಲಿಲ್ಲ ನೋಡಿ' ಅನ್ನೋದು. ಇನ್ನೊಂದು, 'ಬೆರೆಯಲಿಲ್ಲ, ಅದಕ್ಕೇ ಓಡಿಸಿದರು' ಅನ್ನೋದು. ಎರಡೂ ನನಗೆ ಸರಿ ಕಾಣಲ್ಲ. ಎರಡನೆಯದನ್ನೇ ಮೊದಲು ತಗೊಳ್ಳಿ. ಹಳ್ಳಿ ದುಕಾದಲ್ಲಿ ಕೂತ ಗುಜರಾತಿಗೆ ಅಲ್ಲಿನ ಭಾಷೆ ಚೆನ್ನಾಗೇ ಬರ್ತಿತ್ತು, ಇಲ್ಲಾಂದ್ರೆ ವ್ಯಾಪಾರ ಹೇಗೆ? ಅವನನ್ನೂ ಓಡಿಸಿದರು. ಭಾಷೆ ಕಲಿತರೆ ಅಮೀನ್‌ನಂಥವನು ಬಿಡ್ತಾನೆ ಅನ್ನೋದು ಸುಳ್ಳು. 1961ರಲ್ಲಿ ಕಂಪಾಲದಿಂದಲೇ 'ಟ್ರಾನ್ಸಿಶನ್' ಅನ್ನೋ ಪತ್ರಿಕೆ ಹೊರಡಿಸಿ ಇಡೀ ಆಫ್ರಿಕದ ಲೇಖಕರಿಗೆ ಜಾಗ ಕೊಟ್ಟ ರಜತ್ ನಿಯೋಗಿ ಇಲ್ಲೇ ಹುಟ್ಟಿದವರು. ಅವರನ್ನ 1968ರಲ್ಲಿ ಜೈಲಿಗೆ ಹಾಕಿದ್ದು ಅಮೀನ್ ಅಲ್ಲ, ಒಬೋಟೆ ಸರ್ಕಾರ. ಬೆರೆತವರಿಗೂ ಗ್ಯಾರಂಟಿ ಇರಲಿಲ್ಲ.

ಇನ್ನು ಮೊದಲನೆಯದು, 'ಇವರ ಕೈಲಿ ಆಗಲಿಲ್ಲ' ಅನ್ನೋದು. ಇಲ್ಲೇ ನನ್ನ ಐಟಿ ಬುದ್ಧಿ ಒಂದು ಪ್ರಶ್ನೆ ಕೇಳುತ್ತೆ: ಕೆಟಿ ಯಾರು ಕೊಟ್ಟಿದ್ದರು? ಎಲ್ಲಿಂದ ಮಾಲು ತರಿಸೋದು, ಯಾರಿಗೆ ಎಷ್ಟು ಸಾಲ ಕೊಡೋದು, ಲೆಕ್ಕ ಹೇಗೆ ಬರೆಯೋದು, ಇದೆಲ್ಲ 70 ವರ್ಷ ಅಪ್ಪನಿಂದ ಮಗನಿಗೆ, ಮಾವನಿಂದ ಅಳಿಯನಿಗೆ ಹೋಯಿತು. ಲೆಕ್ಕದ ಪುಸ್ತಕ ಇದ್ದದ್ದೂ ಗುಜರಾತಿಯಲ್ಲಿ. ಅಂಗಡಿಯಲ್ಲಿ ಆಫ್ರಿಕನ್ ಹುಡುಗ ಇದ್ದ, ಮೂಟೆ ಹೊರೋಕೆ, ಕಸ ಗುಡಿಸೋಕೆ. ಗಲ್ಲಾ ಪೆಟ್ಟಿಗೆ ಹತ್ತಿರ ಅಲ್ಲ. ಅದನ್ನ ಹಾಗೇ ಇಡಲು ಬ್ರಿಟಿಷರ ವ್ಯವಸ್ಥೆಗೂ ಅನುಕೂಲ ಇತ್ತು. ಹೀಗಿದ್ದಾಗ ಒಂದು ದಿನ ಸಿಸ್ಟಮ್ಮಿನಿಂದ ಎಲ್ಲರನ್ನೂ ಒಟ್ಟಿಗೆ ಹೊರಹಾಕಿದರೆ ಸರ್ವರ್ ಡೌನ್ ಆಗದೆ ಇನ್ನೇನಾಗುತ್ತೆ? ಬಂದೂಕು ಹಿಡಿದವನಿಗೆ ಅಂಗಡಿ ಕೊಟ್ಟದ್ದು ಅಮೀನ್‌ನ ಅಪರಾಧ. ಅಂಗಡಿ ನಡೆಸುವುದನ್ನು ಪಕ್ಕದಲ್ಲೇ ನಿಂತವನಿಗೆ ಕಲಿಸದೇ ಇದ್ದದ್ದು ಅದಕ್ಕಿಂತ ಹಳೆಯ ಇನ್ನೊಂದು ಲೆಕ್ಕ.

1986ರಲ್ಲಿ ಮುಸೆವೆನಿ ಬಂದ ಮೇಲೆ, ಅದರಲ್ಲೂ 90ರ ದಶಕದಲ್ಲಿ, ಆಸ್ತಿ ವಾಪಸ್ ಕೊಡುವ ಕೆಲಸ ಜೋರಾಯ್ತು. ಕೆಲವರು ವಾಪಸ್ ಬಂದರು. ಬಾಂಬೆಯಲ್ಲಿ ಹುಟ್ಟಿ ಕಂಪಾಲದಲ್ಲಿ ಬೆಳೆದ ಮಹಮೂದ್ ಮಮ್ದಾನಿ 72ರಲ್ಲಿ ಓಡಿಸಲ್ಪಟ್ಟವರು. ಅಮೀನ್ ಬಿದ್ದ ಮೇಲೆ ಬಂದು ಇಲ್ಲಿನ ಮಕೆರೆರೆ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ಅವರ ಹೆಂಡತಿ ಮೀರಾ ನಾಯರ್. 72ರ ಕಥೆಯಿಂದಲೇ ಶುರುವಾಗುವ 'ಮಿಸಿಸಿಪಿ ಮಸಾಲಾ' ಸಿನಿಮಾ ಮಾಡಿದವರು. ಆಮೇಲೆ ಇಲ್ಲೇ ಮನೆ ಮಾಡಿ, ಪೂರ್ವ ಆಫ್ರಿಕದ ಹುಡುಗ ಹುಡುಗಿಯರಿಗೆ ಸಿನಿಮಾ ಕಲಿಸಲು 'ಮೈಶಾ' ಅನ್ನೋ ಸಂಸ್ಥೆ ಕಟ್ಟಿದರು. ಕಂಪಾಲದಲ್ಲಿ ಕೆಲಸ ಮಾಡುವ ಭಾರತೀಯ ದಂಪತಿ ಅಂದಾಗ ನನಗೆ ಮೊದಲು ನೆನಪಾಗೋ ಜೋಡಿ ಇದು.

ಎಲ್ಲ ಸರಿಹೋಯ್ತು ಅಂತಲೂ ಹೇಳಲ್ಲ. 2007ರ ಏಪ್ರಿಲ್‌ನಲ್ಲಿ ಮಬೀರಾ ಕಾಡಿನ ಒಂದು ಭಾಗವನ್ನ ಭಾರತೀಯ ಮೂಲದವರ ಸಕ್ಕರೆ ಕಂಪನಿಗೆ ಕೊಡಲು ಸರ್ಕಾರ ಹೊರಟಾಗ ಕಂಪಾಲದಲ್ಲಿ ಪ್ರತಿಭಟನೆ ಆಯಿತು. ಕಾಡು ಉಳಿಸಿ ಅನ್ನೋ ನ್ಯಾಯವಾದ ಮೆರವಣಿಗೆ ಬೀದಿಯಲ್ಲಿ ಕಂಡ ಭಾರತೀಯರ ಮೇಲೆ ತಿರುಗಿತು. ಆ ಕಂಪನಿಗೂ ತನಗೂ ಸಂಬಂಧವೇ ಇಲ್ಲದ ಒಬ್ಬ ಭಾರತೀಯನನ್ನು ಕಲ್ಲು ಹೊಡೆದು ಕೊಂದರು. ಮೂರು ಮಹಡಿ ಮನೆ ಬಿದ್ದರೂ ಅದರ ಇಟ್ಟಿಗೆ ಇನ್ನೂ ಅಲ್ಲಲ್ಲಿ ಬಿದ್ದಿವೆ.

ನಮ್ಮ ಭಾನುವಾರದ ಊಟದಲ್ಲೂ ಆ ಇಟ್ಟಿಗೆ ಸಿಗುತ್ತೆ. 'ಇವರನ್ನ ನಂಬೋಕಾಗಲ್ಲ ರೀ', 'ಇವರಿಗೆ ಎಷ್ಟು ಹೇಳಿದರೂ ತಲೆಗೆ ಹೋಗಲ್ಲ' ಅನ್ನೋ ಮಾತು ಬರುತ್ತೆ. ಹೇಳೋರು ಒಳ್ಳೆಯವರೇ, ಬೆಂಗಳೂರಲ್ಲಿದ್ದಾಗ 'ಬಂದು ಹತ್ತು ವರ್ಷ ಆಯ್ತು, ಕನ್ನಡದಲ್ಲಿ ಊಟ ಆಯ್ತಾ ಅಂತ ಕೇಳೋಕೂ ಬರಲ್ಲ' ಅಂತ ಹೊರಗಿನವರ ಬಗ್ಗೆ ನ್ಯಾಯವಾಗಿ ಸಿಟ್ಟಾಗುತ್ತಿದ್ದವರೇ. ಇಲ್ಲಿ ಆ ಹೊರಗಿನವರು ನಾವು. ನನ್ನ ಹೆಂಡತಿ ವಾರಕ್ಕೆರಡು ದಿನ ಲುಗಾಂಡ ಪಾಠಕ್ಕೆ ಹೋಗ್ತಾಳೆ, ಮನೆಗೆ ಬಂದು ನನಗೆ ಹೇಳಿಕೊಡ್ತಾಳೆ. 'ಒಲಿ ಒಟ್ಯಾ' ಅಂದರೆ ಹೇಗಿದ್ದೀರಿ, 'ವೆಬಾಲೆ' ಅಂದರೆ ಥ್ಯಾಂಕ್ಸ್. ಆಸ್ಕರಿಗೆ 'ಸ್ಸೆಬೊ' ಅಂತ ಗೌರವ ಸೇರಿಸಿ ಮಾತಾಡಿಸಿದರೆ ಅವನ ದನಿಯೇ ಬೇರೆ. ಮುಂದೆ ಯಾರಾದರೂ ಓಡಿಸಲು ಬಂದರೆ ಈ ಮಾತು ಕಾಪಾಡುತ್ತೆ ಅಂತಲ್ಲ. ದಿನಾ ಗೇಟು ತೆಗೆಯೋ ಮನುಷ್ಯನ ಜೊತೆ ಬದುಕೋ ರೀತಿ ಅದು, ಅಷ್ಟೇ.

ಕೆಟಿ ವಿಷಯ ಮಾತ್ರ ನಮ್ಮ ಕೈಯಲ್ಲೇ ಇದೆ. ನಮ್ಮಂಥವರಿಗೆ ಪರ್ಮಿಟ್ ಕೊಡೋದೇ ಇಲ್ಲಿ ಸಿಗದ ಕೌಶಲ್ಯ ತರ್ತಾರೆ ಅಂತ. ಆ ಕೌಶಲ್ಯ ಇಲ್ಲಿಯವರಿಗೆ ಬಂದುಬಿಟ್ಟರೆ ನಮ್ಮ ಪರ್ಮಿಟ್ಟಿಗೆ ಕಾರಣ ಇರಲ್ಲ. ಅದಕ್ಕೇ ಎಷ್ಟೋ ಎಕ್ಸ್‌ಪ್ಯಾಟುಗಳು ಪಾಸ್‌ವರ್ಡೂ ಪಾಠವೂ ಎರಡನ್ನೂ ತಮ್ಮ ಹತ್ತಿರವೇ ಇಟ್ಟುಕೊಳ್ಳೋದು. ಹಳೇ ದುಕಾದ ಗಲ್ಲಾ ಪೆಟ್ಟಿಗೆ ಈಗ ಲ್ಯಾಪ್‌ಟಾಪಿನಲ್ಲಿದೆ. ನನ್ನ ಹೆಂಡತಿಯ ಕೆಳಗೆ ಇಬ್ಬರು ಹುಡುಗಿಯರಿದ್ದಾರೆ. ತಿಂಗಳ ಕೊನೆಯ ಲೆಕ್ಕ ಮುಚ್ಚುವ ಕೆಲಸವನ್ನ ಈಗ ಅವರಿಬ್ಬರೇ ಮಾಡ್ತಾರೆ, ಇವಳು ಕೊನೆಯಲ್ಲಿ ಒಮ್ಮೆ ನೋಡ್ತಾಳೆ. ಒಬ್ಬಳು ಸಿಪಿಎ ಪರೀಕ್ಷೆಯ ಕೊನೆಯ ಹಂತದಲ್ಲಿದ್ದಾಳೆ. 'ಪಾಸಾದರೆ ನಿನ್ನ ಕುರ್ಚಿಗೇ ಬರ್ತಾಳಲ್ಲ' ಅಂತ ಒಬ್ಬ ಗೆಳತಿ ಹೆದರಿಸಿದಳಂತೆ. 'ಬರಲಿ ಅಂತಾನೇ ಕಲಿಸ್ತಿರೋದು' ಅಂದಳಂತೆ ಇವಳು.

ನಮ್ಮ ಕಾಂಟ್ರಾಕ್ಟ್ ಮುಂದಿನ ಮಾರ್ಚಿಗೆ ಮುಗಿಯುತ್ತೆ. ನವೀಕರಣ ಆಗಬಹುದು, ಆಗದೆಯೂ ಇರಬಹುದು. ನಮಗೆ ವಾಪಸ್ ಟಿಕೆಟ್ ಇದೆ, ಊರಲ್ಲಿ ಅಮ್ಮ ಇದ್ದಾಳೆ, ಆ ಮಟ್ಟಿಗೆ 72ರವರ ಜೊತೆ ನಮ್ಮನ್ನು ಹೋಲಿಸಿಕೊಳ್ಳೋದು ದೊಡ್ಡ ಮಾತಾಗುತ್ತೆ. ಆದರೆ ಅವರು ಹೋದ ಮೇಲೆ ಇಲ್ಲಿನ ಅಂಗಡಿಗಳಿಗೆ ಏನಾಯ್ತು ಅಂತ ಗೊತ್ತಿರೋ ನಾವು, ಕೆಟಿಯನ್ನ ನೋಟಿಸ್ ಬಂದ ದಿನ ಶುರು ಮಾಡ್ತೀವಿ ಅಂತ ಕೂರೋಕಾಗಲ್ಲ.